ಲೆಡ್ಜರ್ ಒಂದು, ಕಿಟಕಿ ಹಲವು

ಎಮ್ಮಿಗನೂರಿನ ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನು ನಾನು. ಓದಿದ್ದು ಮೆಟ್ರಿಕ್‌ವರೆಗೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದೆ. ಇಂಥವನು ವೆಬ್‌ಸೈಟ್ ಕಟ್ಟುವ ವಿಚಾರ ಹೇಳುವುದೇ ಎಂದು ನೀವು ನಗಬಹುದು. ಆ ವಿಚಾರ ತಿಳಿಯಬೇಕಾಗಿ ಬಂದದ್ದು ನನ್ನ ತಮ್ಮನ ಸೀರೆ ಅಂಗಡಿಯ ದೆಸೆಯಿಂದ. ತಿಳಿದದ್ದು ಬ್ಯಾಂಕಿನ ಲೆಡ್ಜರಿನ ದೆಸೆಯಿಂದ.

ನಮ್ಮೂರು ನೇಕಾರರ ಊರು. 1938ರಲ್ಲಿ ಮಾಚಾನಿ ಸೋಮಪ್ಪನವರು ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಸಿರುಗುಪ್ಪ, ಬಳ್ಳಾರಿ ಕಡೆಯಿಂದ ಬರುವವರು ಕನ್ನಡ ಓದುತ್ತಾರೆ. ಆದೋನಿ, ಕರ್ನೂಲು ಕಡೆಯವರು ತೆಲುಗು ಓದುತ್ತಾರೆ. ಅದಕ್ಕೇ ತಮ್ಮನು ಎರಡೂ ಭಾಷೆಯಲ್ಲಿ ವೆಬ್‌ಸೈಟ್ ಮಾಡಿಸಿದ. ಪಟ್ಟಣದ ಒಂದು ಏಜೆನ್ಸಿಯವರು ಮಾಡಿಕೊಟ್ಟರು. ನೋಡಲು ಚೆಂದವಿತ್ತು.

ತೊಂದರೆ ಬಂದದ್ದು ನೀಲಕಂಠೇಶ್ವರ ಜಾತ್ರೆಯ ಹೊತ್ತಿಗೆ. ನೂಲಿನ ಬೆಲೆ ಏರಿತ್ತು, ತಮ್ಮನೂ ಸೀರೆಯ ದರ ಏರಿಸಿದ್ದ. ಏಜೆನ್ಸಿಯವರು ತೆಲುಗು ಪುಟದಲ್ಲಿ ದರ ತಿದ್ದಿದರು, ಕನ್ನಡ ಪುಟ ಹಾಗೇ ಉಳಿಯಿತು. ಸಿರುಗುಪ್ಪದ ಒಂದು ಕುಟುಂಬ ಮದುವೆಗೆಂದು ಆರು ಸೀರೆ ಆರಿಸಿತು. ಅವರ ಫೋನಿನಲ್ಲಿ ಒಂದು ಸೀರೆಗೆ 1,450 ರೂಪಾಯಿ, ತಮ್ಮ ಕೇಳಿದ್ದು 1,800. ಆ ಮನೆಯ ಹಿರಿಯಮ್ಮ ಅಂದರು: "ಕನ್ನಡದಾಗ ಬರದಿದ್ದಕ್ಕ ಬೆಲಿ ಇಲ್ಲೇನ್ರೀ?" ತಮ್ಮ ಹಳೆಯ ದರಕ್ಕೇ ಕೊಟ್ಟು ಕಳಿಸಿದ. ಹೋದದ್ದು 2,100 ರೂಪಾಯಿ. ಆದರೆ ಆ ಮಾತು ಅವನನ್ನು ತಿಂಗಳುಗಟ್ಟಲೆ ಕಾಡಿತು.

ಆಗ ನಾವು ನನ್ನ ತಂಗಿಯ ಮಗಳನ್ನು ಕೇಳಿದೆವು. ಅವಳು ಬೆಂಗಳೂರಿನಲ್ಲಿ ಇಂಥದೇ ಒಂದು ಏಜೆನ್ಸಿಯಲ್ಲಿ ಕೆಲಸಕ್ಕಿದ್ದಾಳೆ. ಎಲ್ಲ ನೋಡಿ ಅಂದಳು: "ಮಾವ, ಇಲ್ಲಿ ವಿಷಯ ಮತ್ತು ವೇಷ ಎರಡನ್ನೂ ಸೇರಿಸಿ ಹೊಲಿದಿದ್ದಾರೆ. ಒಂದನ್ನು ಎಳೆದರೆ ಇನ್ನೊಂದು ಹರಿಯುತ್ತದೆ. ಎರಡನ್ನೂ ಬೇರೆ ಮಾಡಬೇಕು." ಹಾಗೆ ಬೇರೆ ಮಾಡಿದ ವ್ಯವಸ್ಥೆಗೆ ಡಿಕಪಲ್ಡ್ ಸಿ.ಎಂ.ಎಸ್. ಎನ್ನುತ್ತಾರಂತೆ. ಗಾಡಿಯ ನೊಗ ಬಿಚ್ಚಿದ ಹಾಗೆ ಎಂದುಕೊಳ್ಳಿ. ಎತ್ತು ಬೇರೆ, ಗಾಡಿ ಬೇರೆ. ಬೇಕಾದಾಗ ಅದೇ ಎತ್ತನ್ನು ಬೇರೆ ಗಾಡಿಗೆ ಹೂಡಬಹುದು.

ನನಗೆ ತಕ್ಷಣ ಬ್ಯಾಂಕು ನೆನಪಾಯಿತು. ನಾನು ಕೆಲಸಕ್ಕೆ ಸೇರಿದಾಗ ನಿಮ್ಮ ಖಾತೆ ಇದ್ದದ್ದು ನಮ್ಮ ಶಾಖೆಯ ದಪ್ಪ ಲೆಡ್ಜರಿನಲ್ಲಿ. ಹಿತ್ತಾಳೆ ಟೋಕನ್ ಹಿಡಿದು ಅದೇ ಕಿಟಕಿಯ ಮುಂದೆ ಕಾಯಬೇಕಿತ್ತು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಲೆಕ್ಕ ಒಂದು ಕೇಂದ್ರದಲ್ಲಿ ನಿಂತಿತು. ಕೌಂಟರು, ಎ.ಟಿ.ಎಂ., ನಿಮ್ಮ ಕೈಯ ಫೋನು ಎಲ್ಲವೂ ಬರೀ ಕಿಟಕಿಗಳಾದವು. ಯಾವ ಕಿಟಕಿಯಲ್ಲಿ ಕೇಳಿದರೂ ಬಾಕಿ ಒಂದೇ.

ಈ ವೆಬ್‌ಸೈಟಿನ ಏರ್ಪಾಡೂ ಅದೇ. ಒಂದು ಕಡೆ ಉಗ್ರಾಣ. ಅಲ್ಲಿ ಪ್ರತಿ ಸೀರೆಗೂ ಒಂದು ಚೀಟಿ: ಕನ್ನಡದ ಹೆಸರು, ತೆಲುಗಿನ ಹೆಸರು, ವಿವರ, ಚಿತ್ರ, ದರ. ದರಕ್ಕೆ ಮನೆ ಒಂದೇ. ಇನ್ನೊಂದು ಕಡೆ ಗಿರಾಕಿ ನೋಡುವ ಪುಟಗಳು. ಕನ್ನಡ ಪುಟ ತೆರೆದರೂ, ತೆಲುಗು ಪುಟ ತೆರೆದರೂ, ದರ ಬರುವುದು ಅದೇ ಉಗ್ರಾಣದಿಂದ. ಕೌಂಟರಿನಿಂದ ಒಳಗೆ ವೋಚರು ಹೋಗಿ ಉತ್ತರ ಬಂದಂತೆ. ಆ ಕೇಳಿ ತರುವ ದಾರಿಗೆ ಎ.ಪಿ.ಐ. ಎಂದು ಹೆಸರು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಮೊದಲು ವಿಷಯವನ್ನೂ ವೇಷವನ್ನೂ ಕೂಡಿಸಿಯೇ ಕೊಡುತ್ತಿತ್ತು. 2016ರ ಕೊನೆಗೆ ಬಂದ ಆವೃತ್ತಿಯಿಂದ ಅದನ್ನೂ ಬರೀ ಉಗ್ರಾಣವಾಗಿ ಬಳಸಲು ದಾರಿಯಾಯಿತು. ಸ್ಟ್ರಾಪಿ, ಕಂಟೆಂಟ್‌ಫುಲ್ ಮುಂತಾದವು ಉಗ್ರಾಣವಾಗಿಯೇ ಹುಟ್ಟಿದವು.

ಏಜೆನ್ಸಿಗಳಿಗೂ ಇದರಲ್ಲಿ ಅನುಕೂಲವಿದೆ. ಬರೆಯುವವರು ಉಗ್ರಾಣ ತುಂಬುತ್ತಿರುವಾಗಲೇ ಚಿತ್ತಾರದವರು ಪುಟ ಕಟ್ಟಬಹುದು. ಎರಡು ವರ್ಷಕ್ಕೆ ವೇಷ ಹಳತಾದರೆ ವೇಷ ಮಾತ್ರ ಬದಲಿಸಿದರೆ ಸಾಕು.

ಆದರೆ ನಮ್ಮ ಹಳೆಯ ಸರಕು ಹೊರತೆಗೆಯುವಾಗ ಕಣ್ಣೀರು ಬಂತು. ಕನ್ನಡದ ಹೆಸರುಗಳನ್ನೆಲ್ಲ ಯಾವುದೋ ಹಳೆಯ ಫಾಂಟಿನಲ್ಲಿ ಟೈಪು ಮಾಡಿ, ಚಿತ್ರವಾಗಿ ಅಂಟಿಸಿದ್ದರು. ನಕಲು ತೆಗೆಯಲು ಆಗಲೇ ಇಲ್ಲ. ನೂರ ನಲವತ್ತು ಸೀರೆಗಳ ವಿವರವನ್ನು ಯೂನಿಕೋಡಿನಲ್ಲಿ ನಾನೇ ಕೂತು ಟೈಪು ಮಾಡಿದೆ. ಹನ್ನೊಂದು ದಿನ ಹಿಡಿಯಿತು. ಅಕ್ಷರವೂ ಫಾಂಟಿನಿಂದ ಬಿಡುಗಡೆಯಾಗಿರಬೇಕು ಎಂಬುದು ಆಗ ಮನಸ್ಸಿಗೆ ಬಂತು.

ಇದರಲ್ಲಿ ತೊಡಕಿಲ್ಲವೇ? ಇದೆ. ಉಗ್ರಾಣ ಒಂದು, ಮುಂಬಾಗಿಲು ಒಂದು; ಎರಡನ್ನೂ ನೋಡಿಕೊಳ್ಳಬೇಕು, ಎರಡಕ್ಕೂ ಖರ್ಚು. ಉಗ್ರಾಣದಲ್ಲಿ ಬರೆದದ್ದು ಪುಟದಲ್ಲಿ ಹೇಗೆ ಕಾಣುತ್ತದೆಂದು ಮೊದಲೇ ನೋಡಲು ಪ್ರತ್ಯೇಕ ಏರ್ಪಾಡು ಬೇಕು. ದಾರಿಯ ವಿಳಾಸ ಬದಲಾದರೆ ಪುಟ ಬರಿದಾಗುತ್ತದೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತಲ್ಲ, ಖಾತೆಯ ಹಣ ಎಲ್ಲೂ ಹೋಗಲಿಲ್ಲ. ಆದರೆ 2021ರ ಜುಲೈಯಿಂದ ಹಳೆಯ ಐ.ಎಫ್.ಎಸ್.ಸಿ. ಸಂಖ್ಯೆಗೆ ಹಣ ಕಳಿಸಿದರೆ ಮುಟ್ಟುತ್ತಿರಲಿಲ್ಲ. ಇದೂ ಹಾಗೆಯೇ. ವಿಳಾಸ, ಫೋನು, ನಾಲ್ಕು ಚಿತ್ರ ಸಾಕು ಎನ್ನುವ ಅಂಗಡಿಗೆ ಇಷ್ಟು ಏರ್ಪಾಡು ಬೇಡ ಎಂದು ನನ್ನ ತಂಗಿಯ ಮಗಳೇ ಹೇಳಿದಳು. ಒಂದೇ ಸರಕು ಎರಡು ಭಾಷೆಗೆ, ನಾಲ್ಕು ಕಡೆಗೆ ಹೋಗಬೇಕಾದಾಗ ಮಾತ್ರ ಇದರ ಲಾಭ.

ಸಂಘವೋ, ಶಾಲೆಯೋ, ಅಂಗಡಿಯೋ, ನೀವು ಯಾರಿಂದಲಾದರೂ ವೆಬ್‌ಸೈಟ್ ಮಾಡಿಸುವುದಾದರೆ ಹಣ ಕೊಡುವ ಮೊದಲು ಮೂರು ಮಾತು ಕೇಳಿ. ನಮ್ಮ ವಿಷಯವನ್ನು ನಾವೇ ತಿದ್ದಬಹುದೇ? ಒಂದು ಕಡೆ ತಿದ್ದಿದರೆ ಎರಡೂ ಭಾಷೆಯಲ್ಲಿ ಬದಲಾಗುತ್ತದೆಯೇ? ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಸರಕನ್ನು ಕಡತವಾಗಿ ನಮ್ಮ ಕೈಗೆ ಕೊಡುತ್ತೀರಾ? ಉತ್ತರವನ್ನು ಬರೆಸಿಕೊಳ್ಳಿ. ಗುಮಾಸ್ತನ ಬುದ್ಧಿ ಎಂದು ನಕ್ಕರೂ ಚಿಂತೆಯಿಲ್ಲ.

ಹೋದ ಜಾತ್ರೆಗೆ ಆ ಸಿರುಗುಪ್ಪದ ಹಿರಿಯಮ್ಮ ಮತ್ತೆ ಬಂದಿದ್ದರು. ಫೋನು ತೆಗೆದು ದರ ನೋಡಿದರು, ಸೀರೆಗೆ ಕಟ್ಟಿದ ಚೀಟಿ ನೋಡಿದರು. ಎರಡೂ ಒಂದೇ. ಏನೂ ಅನ್ನಲಿಲ್ಲ, ಎರಡು ಸೀರೆ ತೆಗೆದಿಟ್ಟರು. ತಮ್ಮ ನನ್ನ ಮುಖ ನೋಡಿ ನಕ್ಕ.