ಗೇರ್‌ಬಾಕ್ಸ್ ಬಿಚ್ಚೋದು ಸುಲಭ, ಜೋಡಿಸಿದ್ದು ಸರಿಯಿದೆ ಅಂತ ಗೊತ್ತಾಗೋದು ಹೇಗೆ?

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಇವತ್ತು ಕೋಡ್ ಬಗ್ಗೆ ಮಾತಾಡಲ್ಲ, ಗಾಬರಿ ಬೇಡ.

ಅಪ್ಪನ ಹಳೇ ಕಾರನ್ನ ದಾವಣಗೆರೆಯಿಂದ ಇಲ್ಲಿಗೆ ತಂದಿದ್ದೆ. ಐದು ಗೇರಿನ ಪುಟ್ಟ ಕಾರು. ಮೂರನೇ ಗೇರಿಗೆ ಹಾಕಿದಾಗೆಲ್ಲ ಕರ್ರ್ ಅನ್ನೋದು. ಆ ಗೇರಿನ ಪಕ್ಕ ಹಿತ್ತಾಳೆಯ ಸಿಂಕ್ರೋ ರಿಂಗ್ ಅಂತ ಒಂದಿರುತ್ತೆ. ಗೇರಿನ ಕೋನ್‌ಗೆ ಅದು ಉಜ್ಜಿ ಎರಡರ ವೇಗ ಒಂದು ಮಾಡುತ್ತೆ. ವೇಗ ಒಂದಾಗೋವರೆಗೂ ಸ್ಲೀವ್ ಮುಂದೆ ಹೋಗೋಕೆ ಬಿಡಲ್ಲ. ಅದು ಸವೆದರೆ ಹಲ್ಲಿಗೆ ಹಲ್ಲು ತಾಗುತ್ತೆ. ರಿಂಗನ್ನ ಕೋನ್ ಮೇಲೆ ಒತ್ತಿ ಹಿಡಿದು ನಡುವಿನ ಸಂದಿಯನ್ನ ಫೀಲರ್ ಗೇಜ್‌ನಲ್ಲಿ ಅಳೆದರೆ ಸವೆತ ಗೊತ್ತಾಗುತ್ತೆ. ನನ್ನದರಲ್ಲಿ ಸಂದಿಯೇ ಇರಲಿಲ್ಲ ಅನ್ನಬಹುದು.

ಬಿಚ್ಚುವಾಗ ಫೋನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಎಂಟೆಕ್ ಬುದ್ಧಿ! ಜೋಡಿಸೋಕೆ ಕೂತಾಗ ಗೊತ್ತಾಯ್ತು, ಫೋಟೋದಲ್ಲಿ ಭಾಗ ಎಲ್ಲಿತ್ತು ಅಂತ ಕಾಣುತ್ತೆ, ಯಾವ ಮುಖ ಯಾವ ಕಡೆಗಿತ್ತು ಅಂತ ಕಾಣಲ್ಲ. ಸ್ಲೀವ್ ಎರಡೂ ಕಡೆ ಒಂದೇ ಥರ ಕಾಣುತ್ತೆ, ಆದರೆ ಒಂದೇ ಥರ ಇರಲ್ಲ. ಸರ್ಕ್ಲಿಪ್‌ನ ಒಂದು ಅಂಚು ಚೂಪು, ಇನ್ನೊಂದು ದುಂಡು. ಚೂಪಾದ ಅಂಚು ಒತ್ತಡ ಬರೋ ಕಡೆಗೆ ಬೆನ್ನು ಹಾಕಿರಬೇಕು. ಬಿಚ್ಚೋಕೆ ಮುಂಚೆನೇ ಪೇಂಟ್ ಪೆನ್ನಲ್ಲಿ ಒಂದು ಗೆರೆ ಎಳೆದಿದ್ದರೆ ನನ್ನ ಎರಡು ರಾತ್ರಿ ಉಳೀತಿತ್ತು.

ಅಂತೂ ಶಾಫ್ಟುಗಳನ್ನೂ ಫೋರ್ಕುಗಳನ್ನೂ ಕೂರಿಸಿದೆ. ಡಿಟೆಂಟ್ ಸ್ಪ್ರಿಂಗ್ ಹಾರಿ ಅದರ ಗುಂಡು ಪಾರ್ಕಿಂಗ್‌ನಲ್ಲಿ ಉರುಳಿಹೋಯ್ತು, ಹುಡುಕಿದ್ದು ವಾಚ್‌ಮನ್ ಕಾಕಾ. ಕೇಸ್ ಮುಚ್ಚೋ ಮುಂಚೆ ದಾವಣಗೆರೆಗೆ ಫೋನ್ ಮಾಡಿದೆ. ನಮ್ಮ ಸೋದರಮಾವ ಅಲ್ಲಿ ಗ್ಯಾರೇಜ್ ನಡೆಸಿದವರು.

"ಮಾವ, ಎಲ್ಲಾ ಕೂತದೆ, ಬೋಲ್ಟ್ ಹಾಕ್ಲಾ?"

"ಕೈಯಾಗ ತಿರುಗಿಸಿ ನೋಡಿದ್ಯೇನಲೇ? ಮೂರನೇ ಗೇರಿಗೆ ಹಾಕಿ, ಪಕ್ಕದ ರಾಡ್ ದೂಡು. ಅದು ಅಲುಗಾಡಬಾರ್ದು."

ದೂಡಿದೆ. ಸಲೀಸಾಗಿ ಹೋಯ್ತು. ಆಮೇಲೆ ಇನ್‌ಪುಟ್ ಶಾಫ್ಟ್ ತಿರುಗಿಸಿದರೆ ಅದು ಕಲ್ಲಿನ ಹಾಗೆ ನಿಂತುಬಿಟ್ಟಿತ್ತು. ಎರಡು ಗೇರು ಒಟ್ಟಿಗೇ ಬಿದ್ದಿದ್ದವು.

ಚಹಾ ಲೋಟದಲ್ಲಿ ಒಂದು ಪುಟ್ಟ ಪಿನ್ ಉಳಿದಿತ್ತು. ಗ್ಯಾಸ್ಕೆಟ್ ಕಿಟ್ ಜೊತೆ ಬಂದ ಹೆಚ್ಚುವರಿ ಅಂದ್ಕೊಂಡಿದ್ದೆ. ಅದೇ ಇಂಟರ್‌ಲಾಕ್ ಪಿನ್. ಒಂದು ರಾಡ್ ಸರಿದಾಗ ಉಳಿದವನ್ನ ಅದು ಹಿಡಿದಿಡುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಮ್ಯೂಟೆಕ್ಸ್. ದಿನಾ ಬರೆಯೋದನ್ನೇ ಲೋಟದಲ್ಲಿ ಬಿಟ್ಟಿದ್ದೆ! ಇಲ್ಲಿ ಡೆಡ್‌ಲಾಕ್ ಆದರೆ ರೀಸ್ಟಾರ್ಟ್ ಇಲ್ಲ, ಓಡುತ್ತಿರೋ ಕಾರಿನ ಮುಂದಿನ ಚಕ್ರ ಕಚ್ಚಿಕೊಳ್ಳುತ್ತೆ. ಆ ವಾರವೇ ಹೆಂಡತಿ ಮಗಳನ್ನ ಕೂರಿಸಿಕೊಂಡು ಖಂಬಾಟ್ಕಿ ಘಾಟ್ ಹತ್ತೋದಿತ್ತು. ಸ್ವಲ್ಪ ಹೊತ್ತು ಏನೂ ಮಾಡದೆ ಅಲ್ಲೇ ನೆಲದ ಮೇಲೆ ಕೂತಿದ್ದೆ.

ಮತ್ತೆ ಎಲ್ಲಾ ಬಿಚ್ಚಿದೆ. ಈ ಸಲ ಪ್ರತಿ ಗೇರಿಗೂ ಹಾಕಿ, ಶಾಫ್ಟ್ ತಿರುಗಿಸಿ, ಉಳಿದ ರಾಡುಗಳನ್ನ ದೂಡಿ ನೋಡಿದ ಮೇಲೇ ಕೇಸ್ ಮುಚ್ಚಿದ್ದು. ಎಣ್ಣೆ ಮಾತ್ರ ಮ್ಯಾನ್ಯುಯಲ್‌ನಲ್ಲಿ ಹೇಳಿದ ದರ್ಜೆಯದ್ದೇ ಹಾಕಿ. ಜಿಎಲ್-4 ಅಂದಿದ್ದರೆ ಜಿಎಲ್-4. ಜಿಎಲ್-5ರ ಕೆಲವು ಎಣ್ಣೆ ಹಿತ್ತಾಳೆ ರಿಂಗಿಗೆ ಆಗಿಬರಲ್ಲ.

ಊರಿಗೆ ಹೋದಾಗ ಮಾವ ಕೀ ಇಸ್ಕೊಂಡು ಒಂದು ರೌಂಡ್ ಹೋಗಿ ಬಂದ್ರು. ಮೂರನೇ ಗೇರಿನ ಬಗ್ಗೆ ಒಂದು ಮಾತೂ ಇಲ್ಲ. "ಕ್ಲಚ್ ಭಾಳ ಮ್ಯಾಲೆ ಹಿಡೀತದ, ಕೇಬಲ್ ಅಡ್ಜಸ್ಟ್ ಮಾಡ್ಕೋ" ಅಂದ್ರು, ಅಷ್ಟೇ.