ಗುರಾಣಿ ಹರಿಯದಿರಲಿ

(ಶಅಬಾನ್ ತಿಂಗಳ ಕೊನೆಯ ಶುಕ್ರವಾರದ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಸಹೋದರರೇ, ಅಲ್ಲಾಹನನ್ನು ಭಯಪಡಿರಿ. ಮೊದಲು ನನಗೆ, ಆಮೇಲೆ ನಿಮಗೆ ನಾನು ಮಾಡುವ ಉಪದೇಶ ಇದೇ.

ಇನ್ನು ಕೆಲವೇ ದಿನಗಳಲ್ಲಿ ರಮಝಾನ್ ಬರಲಿದೆ. ಉಪವಾಸವು ಗುರಾಣಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ಪ್ರತಿ ವರ್ಷವೂ ಕೇಳುತ್ತೇವೆ. ಆದರೆ ಗುರಾಣಿ ಎಂದಾಗ ನಮಗೆ ನೆನಪಾಗುವುದು ಹೊಳೆಯುವ ಲೋಹದ ತಟ್ಟೆ. ಸಹಾಬಿಗಳು ಬಲ್ಲ ಗುರಾಣಿಗಳಲ್ಲಿ ತೊಗಲಿನವೂ ಇದ್ದವು. ಅದನ್ನು ತಿಳಿದರೆ ಈ ಹದೀಸ್ ಇನ್ನಷ್ಟು ಹತ್ತಿರವಾಗುತ್ತದೆ.

ಅರಬಿಯಲ್ಲಿ ಗುರಾಣಿಗೆ ಸಾಮಾನ್ಯ ಹೆಸರು ತುರ್ಸ್. ಮರ ಸೇರಿಸದೆ ಬರೀ ತೊಗಲಿನಿಂದ ಮಾಡಿದ್ದಕ್ಕೆ ಹಜಫಾ ಅಥವಾ ದರಕಾ ಎನ್ನುತ್ತಾರೆ. ಒಂಟೆಯ ತೊಗಲನ್ನು ಪದರ ಪದರವಾಗಿ ಸೇರಿಸಿ ಇದನ್ನು ಮಾಡುತ್ತಿದ್ದರು. ಈದ್ ದಿನ ಅಬಿಸೀನಿಯದವರು ದರಕಾ ಮತ್ತು ಈಟಿ ಹಿಡಿದು ಆಡಿದ್ದನ್ನು ಹ. ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ನೋಡಿದ್ದರು. ಮಿಜನ್ನ್ ಎಂಬುದು ಗುರಾಣಿಯ ಮತ್ತೊಂದು ಹೆಸರು. ಉಪವಾಸದ ಹದೀಸಿನಲ್ಲಿರುವ ಜುನ್ನಾ ಎಂಬ ಪದ ಅದರ ಬಂಧು. ಎರಡರ ಮೂಲಾರ್ಥ ಮರೆಮಾಡುವುದು. ಮರಗಳು ಮರೆಮಾಡಿದ ತೋಟ ಜನ್ನತ್, ತಾಯಿಯ ಗರ್ಭದಲ್ಲಿ ಮರೆಯಾಗಿರುವ ಶಿಶು ಜನೀನ್.

ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಕವಚವೇ ಬೇರೆ. ಅದಕ್ಕೆ ದಿರ್‌ಅ್ ಎಂದು ಹೆಸರು. ಅಂಥ ಕವಚ ಮಾಡುವ ಕೆಲಸವನ್ನು ಅಲ್ಲಾಹನು ಪ್ರವಾದಿ ದಾವೂದ್(ಅ)ರಿಗೆ ಕಲಿಸಿದನೆಂದು ಕುರ್‌ಆನ್ ತಿಳಿಸುತ್ತದೆ. ಕವಚ ತೊಟ್ಟವನನ್ನು ಮಾತ್ರ ಕಾಯುತ್ತದೆ. ಗುರಾಣಿಯನ್ನಾದರೋ ಇನ್ನೊಬ್ಬರ ಮುಂದೆಯೂ ಹಿಡಿಯಬಹುದು.

ಹಿಜರಿ 3ನೇ ವರ್ಷ ಉಹುದ್‌ನಲ್ಲಿ ಆದದ್ದು ಅದೇ. ಜನ ಚದುರಿದಾಗ ಹ. ಅಬೂ ತಲ್‌ಹಾ(ರ) ತಮ್ಮ ಹಜಫಾವನ್ನು ಪ್ರವಾದಿಯವರ(ಸ) ಮುಂದೆ ಅಡ್ಡ ಹಿಡಿದು ನಿಂತರು. ಪ್ರವಾದಿ(ಸ) ತಲೆಯೆತ್ತಿ ನೋಡಹೊರಟಾಗ, ಬಾಣ ತಗಲೀತು, ಇಣುಕಬೇಡಿರಿ, ನಿಮ್ಮ ಎದೆಗೆ ನನ್ನ ಎದೆ ಅಡ್ಡವಿದೆ ಎಂದು ವಿನಂತಿಸಿಕೊಂಡರು. ಯುದ್ಧ ಮುಗಿದ ಮೇಲೆ ಹ. ಅಲಿ(ರ) ತಮ್ಮ ಗುರಾಣಿಯಲ್ಲೇ ನೀರು ತಂದರು. ಹ. ಫಾತಿಮಾ(ರ) ಆ ನೀರಿನಿಂದ ತಂದೆಯ ಮುಖದ ಗಾಯ ತೊಳೆದರು. ಎರಡೂ ಘಟನೆಗಳು ಬುಖಾರಿಯಲ್ಲಿವೆ.

ಸಹೋದರರೇ, ತೊಗಲು ಎಷ್ಟು ಗಟ್ಟಿಯಾದರೂ ಹರಿಯುತ್ತದೆ, ತೂತು ಬೀಳುತ್ತದೆ. ಉಪವಾಸವು ಗುರಾಣಿ, ಆದರೆ ಹಿಡಿದವನು ಅದನ್ನು ಹರಿಯದಿರುವ ತನಕ ಮಾತ್ರ ಎಂಬ ಎಚ್ಚರಿಕೆ ನಸಾಈಯಲ್ಲಿದೆ. ಹರಿಯುವುದು ಯಾವುದರಿಂದ? ಪರದೂಷಣೆಯಿಂದ ಎಂಬ ವಿವರಣೆ ದಾರಿಮಿಯಲ್ಲಿದೆ. ಪರದೂಷಣೆಯನ್ನು ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಕುರ್‌ಆನ್ ಹೋಲಿಸಿದೆ. ಹಲಾಲ್ ಅನ್ನವನ್ನು ಸಂಜೆಯ ತನಕ ಬಿಟ್ಟವನು ಮಧ್ಯಾಹ್ನವೇ ಆ ಮಾಂಸ ತಿಂದರೆ ಏನು ಉಳಿಯಿತು?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಸಂಬಂಧಪಟ್ಟವರ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಒಂದು ರಮಝಾನಿನಲ್ಲಿ ಅಸರ್ ನಮಾಝ್ ಮುಗಿಸಿ ಕೆಲವರು ಮಸೀದಿಯ ಜಗಲಿಯಲ್ಲಿ ಕುಳಿತಿದ್ದರು. ಒಬ್ಬರ ಮಗಳ ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ಅದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಕಟ್ಟಿದರು. ನಾನೂ ಅಲ್ಲಿದ್ದೆ. ಕೈಯಲ್ಲಿ ತಸ್ಬೀಹ್ ಇತ್ತು, ಕಿವಿ ಮಾತಿನ ಕಡೆಗಿತ್ತು. ನಾನು ಏನೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಾತು ಆ ಮನೆಗೆ ಮುಟ್ಟಿತು. ‘ಉಸ್ತಾದರೂ ಅಲ್ಲೇ ಇದ್ದರಂತೆ’ ಎಂಬುದೂ ಜೊತೆಗೆ ಸೇರಿ ಮುಟ್ಟಿತು. ತರಾವೀಹ್‌ನಲ್ಲಿ ಮೊದಲ ಸಫ್‌ನಲ್ಲಿ ನಿಲ್ಲುತ್ತಿದ್ದ ಆ ತಂದೆ ಮಸೀದಿಗೆ ಬರುವುದನ್ನೇ ಬಿಟ್ಟರು.

ಈದ್ ಕಳೆದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಚಹಾ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಸ್ತಾದ್, ನೀವು ಒಂದು ಮಾತು ಹೇಳಿದ್ದರೆ ಸಾಕಿತ್ತು’ ಎಂದರು. ಕ್ಷಮಿಸಿದರು. ಆದರೆ ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಅಂದು ಗುರಾಣಿ ನನ್ನ ಕೈಯಲ್ಲೇ ಇತ್ತು, ಅಲ್ಲಿಲ್ಲದ ಸಹೋದರನ ಮುಂದೆ ಅದನ್ನು ಹಿಡಿಯಲಿಲ್ಲ. ತನ್ನ ಸಹೋದರನ ಮಾನವನ್ನು ಕಾಪಾಡಿದವನ ಮುಖದಿಂದ ಕಿಯಾಮತ್ ದಿನ ಅಲ್ಲಾಹನು ನರಕಾಗ್ನಿಯನ್ನು ದೂರವಿಡುವನೆಂದು ತಿರ್ಮಿದಿಯ ಹದೀಸ್ ಹೇಳುತ್ತದೆ.

ಆದ್ದರಿಂದ ಈ ರಮಝಾನಿನಲ್ಲಿ ಎರಡು ಕೆಲಸ ಮಾಡೋಣ. ಇಫ್ತಾರ್‌ಗೆ ಕಾಯುವಾಗ, ಅಂಗಡಿಯಲ್ಲಿ, ಮೊಬೈಲ್ ಗ್ರೂಪಿನಲ್ಲಿ ಯಾರದಾದರೂ ಮಾನ ಹರಾಜಾಗುತ್ತಿದ್ದರೆ ‘ಸಾಕು, ನಾವು ಉಪವಾಸಿಗರು’ ಎಂದು ಹೇಳೋಣ. ಅಷ್ಟೇ ಮಾತು ಒಬ್ಬ ತಂದೆಗೆ, ಒಬ್ಬ ಹೆಣ್ಣುಮಗಳಿಗೆ ಗುರಾಣಿಯಾದೀತು. ಈಗಾಗಲೇ ಯಾರಿಗಾದರೂ ಗಾಯ ಮಾಡಿದ್ದರೆ ಚಂದ್ರ ಕಾಣುವ ಮೊದಲೇ ಅವರ ಬಾಗಿಲಿಗೆ ಹೋಗೋಣ. ಗುರಾಣಿಯಲ್ಲಿ ನೀರು ತಂದು ಗಾಯ ತೊಳೆಯುವುದೂ ಇದೆಯಲ್ಲ.

ಅಲ್ಲಾಹನು ನಮ್ಮ ನಾಲಿಗೆಯನ್ನು ಕಾಪಾಡಲಿ, ನಮ್ಮ ಉಪವಾಸವನ್ನು ಹರಿಯದ ಗುರಾಣಿಯಾಗಿ ಸ್ವೀಕರಿಸಲಿ. ಆಮೀನ್.