ಬೇಸರದ ಮಧ್ಯಾಹ್ನಗಳು



1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ ತಾಲ್ಲೂಕುಗಳಲ್ಲಿ ನಮ್ಮ ಆದವಾನಿಯೂ ಒಂದು. ಕಚೇರಿಯ ವ್ಯವಹಾರ ತೆಲುಗಿನದಾಯಿತು. ಕನ್ನಡ ಮನೆಯಲ್ಲಿ, ಈ ಶಾಲೆಯಲ್ಲಿ ಉಳಿಯಿತು. ಆದರೆ ಪಾಠದ ಹೊರಗೆ ಕನ್ನಡವನ್ನು ಓದುವ ರೂಢಿಯನ್ನು ನನಗೆ ಹಚ್ಚಿದ್ದು ಬೇಸರ.

ನಮ್ಮೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಊಟವಾದ ಮೇಲೆ ಹಿರಿಯರು ಮಲಗುವರು; ಬಿಸಿಲಿಗೆ ಹೋಗಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ಮಾಡಲು ಕೆಲಸವಿಲ್ಲ. ಹಳೆಯ ‘ಚಂದಮಾಮ’ವನ್ನೇ ನಾಲ್ಕನೆಯ ಸಲ ಓದುತ್ತಿದ್ದೆವು. ಅದೂ ಮುಗಿದರೆ ಕಡಲೆಕಾಯಿ ಕಟ್ಟಿ ತಂದ ಪತ್ರಿಕೆಯ ಚೂರು. ಕಾಗದ ಹರಿದ ಕಡೆಯಿಂದ ಮುಂದಿನ ಕಥೆಯನ್ನು ನಾವೇ ಕಟ್ಟಿಕೊಳ್ಳಬೇಕಿತ್ತು.

ಇಂದು ಮೊಮ್ಮಗ “ತಾತ, ಬೇಜಾರು” ಎಂದ ಕ್ಷಣವೇ ಫೋನನ್ನು ಕೈಗಿಡುವವನು ನಾನೇ. ಅದರಲ್ಲಿ ಒಂದು ದೃಶ್ಯ ಮುಗಿಯುವ ಮೊದಲೇ ಇನ್ನೊಂದು. ಗಂಟೆ ಕಳೆದರೂ ಒಂದು ಕನ್ನಡ ಅಕ್ಷರ ಕಣ್ಣಿಗೆ ಬೀಳದು. ಕಳೆದ ಬೇಸಿಗೆ ಒಂದು ದಿನ ಕರೆಂಟು ಹೋಗಿ ಫೋನೂ ಆರಿತು. ಅರ್ಧ ಗಂಟೆ ಹುಡುಗ ಕಾಲು ಬಡಿದು ಗೋಳಾಡಿದ. ಸುಮ್ಮನಾದ. ಆಮೇಲೆ ಗೋಡೆಯ ಕ್ಯಾಲೆಂಡರನ್ನು ಅಕ್ಷರ ಕೂಡಿಸಿ ಓದತೊಡಗಿದ: “ತಾತ, ಅಮಾವಾಸ್ಯೆಗೆ ಕಪ್ಪು ಚುಕ್ಕೆ ಏಕೆ?” ಯಾರೂ ಹೇಳದೆ ಅವನು ಕನ್ನಡ ಓದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಾಲಕರೇ, ಆ ಅರ್ಧ ಗಂಟೆಯನ್ನು ದಯವಿಟ್ಟು ಸಹಿಸಿಕೊಳ್ಳಿ. ಗುರುಗಳೇ, ಮಕ್ಕಳ ಕೈಗೆಟಕುವಂತೆ ಶಾಲೆಯ ಜಗುಲಿಯಲ್ಲಿ ಹಳೆಯ ಪುಸ್ತಕಗಳನ್ನಿಡಿ. ಪರೀಕ್ಷೆ ಮಾತ್ರ ಬೇಡ. ನನ್ನಲ್ಲಿ ಉಳಿದಿದ್ದ ‘ಚಂದಮಾಮ’ದ ಕಟ್ಟನ್ನು ಇಂದು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದ್ದೇನೆ. ಕೆಲವು ಸಂಚಿಕೆಗಳ ಕೊನೆಯ ಪುಟಗಳು ಹರಿದಿವೆ.